ಸುಮೋ ಪೈಲ್ವಾನನ ಬಟ್ಟೆ ನೋಡಿದರೆ ಸಂಬಳ ಗೊತ್ತಾಗುತ್ತದೆ

ಸುಮೋ ಅಂದ ಕೂಡಲೇ ಕಣ್ಣ ಮುಂದೆ ಬರುವುದು ಎರಡು ಭಾರೀ ದೇಹಗಳು, ಸೊಂಟಕ್ಕೊಂದು ದಪ್ಪ ಪಟ್ಟಿ. ಮೈಮೇಲೆ ಇರುವ ಬಟ್ಟೆ ಅಷ್ಟೇ. ಆದರೂ ಸುಮೋ ಬಲ್ಲ ಜಪಾನಿಯರು ಆ ಪಟ್ಟಿ, ಜುಟ್ಟು, ಕಾಲಿನ ಚಪ್ಪಲಿ ನೋಡಿಯೇ ಅವನು ಯಾವ ದರ್ಜೆಯವನು ಎಂದು ಹೇಳಿಬಿಡುತ್ತಾರೆ. ದರ್ಜೆ ಗೊತ್ತಾದರೆ ಸಂಬಳವೂ ಗೊತ್ತಾದ ಹಾಗೆ. ಯಾಕೆಂದರೆ ಯಾವ ದರ್ಜೆಗೆ ಎಷ್ಟು ಎಂಬುದು ಗುಟ್ಟೇನಲ್ಲ. ಬಟ್ಟೆ, ಸಂಪ್ರದಾಯ, ದುಡ್ಡು ಮೂರನ್ನೂ ಬೇರೆ ಬೇರೆಯಾಗಿ ನೋಡಿದರೆ ಸುಮೋ ಗೋಜಲು ಅನ್ನಿಸುತ್ತದೆ. ಒಟ್ಟಿಗೆ ಇಟ್ಟು ನೋಡಿದರೆ ಎಲ್ಲವೂ ಒಂದೇ ಗೆರೆಯ ಸುತ್ತ ತಿರುಗುತ್ತವೆ.

ಆ ಗೆರೆ ಎಲ್ಲಿದೆ ಎಂದು ಮೊದಲು ನೋಡೋಣ. ವೃತ್ತಿಪರ ಸುಮೋದಲ್ಲಿ ಸುಮಾರು 600 ಪೈಲ್ವಾನರಿದ್ದಾರೆ. ಒಟ್ಟು ಆರು ವಿಭಾಗ. ಕೆಳಗಿನಿಂದ ಹೇಳುವುದಾದರೆ ಜೊನೊಕುಚಿ, ಜೊನಿದಾನ್, ಸಾಂದಾನ್‌ಮೆ, ಮಕುಶಿತ, ಜೂರ್ಯೊ, ಎಲ್ಲಕ್ಕಿಂತ ಮೇಲೆ ಮಕುಉಚಿ. ಮಕುಉಚಿಯಲ್ಲಿ 42 ಜನ, ಜೂರ್ಯೊದಲ್ಲಿ 28. ಈ ಎಪ್ಪತ್ತು ಜನರಿಗೆ ಮಾತ್ರ ಸೆಕಿತೋರಿ ಎಂಬ ಹೆಸರು. ಮಕುಉಚಿಯ ಒಳಗೂ ಮೆಟ್ಟಿಲುಗಳಿವೆ: ಮಾಯೆಗಾಶಿರ, ಕೊಮುಸುಬಿ, ಸೆಕಿವಾಕೆ, ಓಝೆಕಿ, ತುತ್ತತುದಿಯಲ್ಲಿ ಯೊಕೊಝುನ. ಆದರೆ ನಿಜವಾದ ಗೆರೆ ಇರುವುದು ಜೂರ್ಯೊ ಮತ್ತು ಮಕುಶಿತದ ನಡುವೆ. ಗೆರೆಯ ಮೇಲಿದ್ದವನಿಗೆ ತಿಂಗಳ ಸಂಬಳ, ರೇಷ್ಮೆ, ಸೇವೆಗೆ ಹುಡುಗರು. ಕೆಳಗಿದ್ದವನಿಗೆ ಕಪ್ಪು ಹತ್ತಿ ಬಟ್ಟೆ, ಅಡುಗೆ ಕೆಲಸ, ಸಂಬಳ ಸೊನ್ನೆ.

ಮೊದಲು ಸೊಂಟದ ಪಟ್ಟಿಯನ್ನೇ ನೋಡಿ. ಅದರ ಹೆಸರು ಮವಾಶಿ. ಸೆಕಿತೋರಿ ಪಂದ್ಯಕ್ಕೆ ಕಟ್ಟುವುದು ಸುಮಾರು 9 ಮೀಟರ್ ಉದ್ದದ ದಪ್ಪ ರೇಷ್ಮೆ. ಉದ್ದಕ್ಕೂ ಮಡಚಿ, ತೊಡೆಗಳ ನಡುವೆ ತಂದು, ಸೊಂಟಕ್ಕೆ ಹಲವು ಸುತ್ತು ಸುತ್ತಿ, ಬೆನ್ನ ಹಿಂದೆ ಗಂಟು ಹಾಕುತ್ತಾರೆ. ಒಬ್ಬನಿಂದ ಆಗುವ ಕೆಲಸ ಅಲ್ಲ ಇದು. ಸಹಾಯಕ ಬಟ್ಟೆಯ ತುದಿಯನ್ನು ಬಿಗಿಯಾಗಿ ಹಿಡಿದು ನಿಂತಿರುತ್ತಾನೆ, ಪೈಲ್ವಾನ ತಾನೇ ಗಿರಗಿರ ತಿರುಗುತ್ತಾ ಬಟ್ಟೆಯೊಳಗೆ ಸುತ್ತಿಕೊಳ್ಳುತ್ತಾನೆ. ಈ ರೇಷ್ಮೆ ಮವಾಶಿಯನ್ನು ಒಗೆಯುವುದಿಲ್ಲ, ಗಾಳಿಗೆ ಹಾಕಿ ಒಣಗಿಸುತ್ತಾರೆ ಅಷ್ಟೇ. ಅಭ್ಯಾಸಕ್ಕೆ ಸೆಕಿತೋರಿ ಬಿಳಿ ಹತ್ತಿ ಕ್ಯಾನ್ವಾಸ್ ಕಟ್ಟುತ್ತಾನೆ. ಕೆಳಗಿನ ನಾಲ್ಕು ವಿಭಾಗದವರಿಗೆ ಅಭ್ಯಾಸಕ್ಕೂ ಪಂದ್ಯಕ್ಕೂ ಅದೇ ಕಪ್ಪು ಹತ್ತಿ.

ಬಣ್ಣದ ವಿಷಯ ಸ್ವಲ್ಪ ತಮಾಷೆಯದು. ನಿಯಮದ ಪ್ರಕಾರ ಮವಾಶಿ ಕಡುನೀಲಿ ಅಥವಾ ನೇರಳೆ ಛಾಯೆಯಲ್ಲಿರಬೇಕು. ಆದರೆ 1957ರ ನವೆಂಬರ್‌ನಲ್ಲಿ ಕ್ಯೂಶೂ ಟೂರ್ನಿಗೆ ತಮಾನೊಉಮಿ ಎಂಬ ಪೈಲ್ವಾನ ಬಂಗಾರದ ಬಣ್ಣದ ಮವಾಶಿ ಕಟ್ಟಿಕೊಂಡು ಬಂದ. ಹದಿನೈದಕ್ಕೆ ಹದಿನೈದೂ ಗೆದ್ದು ಪ್ರಶಸ್ತಿ ಹೊತ್ತುಕೊಂಡು ಹೋದ. ಆಮೇಲೆ ಬಣ್ಣದ ನಿಯಮ ಪುಸ್ತಕದಲ್ಲೇ ಉಳಿಯಿತು. ಈಗ ಟಿವಿಯಲ್ಲಿ ಹಸಿರು, ಕೆಂಪು, ತಿಳಿನೀಲಿ ಎಲ್ಲವೂ ಕಾಣುತ್ತವೆ.

ಮವಾಶಿಯ ಮುಂಭಾಗದಲ್ಲಿ ಕಡ್ಡಿಗಳ ಹಾಗೆ ನೇತಾಡುವ ದಾರಗಳಿಗೆ ಸಗರಿ ಎನ್ನುತ್ತಾರೆ. ಇದರಿಂದ ಆಟಕ್ಕೆ ಏನೂ ಉಪಯೋಗವಿಲ್ಲ. ಕುಸ್ತಿ ನಡುವೆ ಕಳಚಿ ಬಿದ್ದರೆ ರೆಫರಿ ಅದನ್ನು ಪಕ್ಕಕ್ಕೆ ಎಸೆಯುತ್ತಾನೆ. ಆದರೆ ದರ್ಜೆ ತಿಳಿಯಲು ಇದಕ್ಕಿಂತ ಸುಲಭದ ಗುರುತು ಇನ್ನೊಂದಿಲ್ಲ. ಸೆಕಿತೋರಿಯ ಸಗರಿ ಅವನ ಮವಾಶಿಯದೇ ರೇಷ್ಮೆಯದು. ಸಮುದ್ರದ ಪಾಚಿಯಿಂದ ಮಾಡಿದ ಗಂಜಿ ಹಾಕಿ ಅದನ್ನು ಸೆಟೆದು ನಿಲ್ಲಿಸಿರುತ್ತಾರೆ. ಕೆಳಗಿನವರ ಸಗರಿ ಹತ್ತಿಯದು, ಜೋಲು ಬಿದ್ದಿರುತ್ತದೆ. ದಾರಗಳ ಸಂಖ್ಯೆ ಮಾತ್ರ ಯಾವಾಗಲೂ ಬೆಸ, ಸಾಮಾನ್ಯವಾಗಿ 17ರಿಂದ 21.

ಮವಾಶಿ ಬಿಚ್ಚಿಹೋದರೆ? ಎಲ್ಲರೂ ಕೇಳುವ ಪ್ರಶ್ನೆ ಇದು. ಸಡಿಲವಾದರೆ ರೆಫರಿ ಪಂದ್ಯ ನಿಲ್ಲಿಸಿ, ಇಬ್ಬರನ್ನೂ ಇದ್ದ ಹಾಗೆಯೇ ನಿಲ್ಲಿಸಿ, ಬಿಗಿದು ಕಟ್ಟುತ್ತಾನೆ. ಪೂರ್ತಿ ಕಳಚಿದರೆ ಆ ಪೈಲ್ವಾನ ಸೋತಂತೆ. 2000ದ ಮೇ ತಿಂಗಳಲ್ಲಿ ಸಾಂದಾನ್‌ಮೆ ವಿಭಾಗದ ಒಬ್ಬನಿಗೆ ಹಾಗೆ ಆಯಿತು. ಅದಕ್ಕೂ ಹಿಂದೆ ಹೀಗಾಗಿದ್ದು 1917ರಲ್ಲಿ. ಎದುರಾಳಿಯ ಮರ್ಮಾಂಗದ ಮೇಲೆ ಹಾದುಹೋಗುವ ಪಟ್ಟಿಗೆ ಕೈ ಹಾಕುವುದಂತೂ ಫೌಲ್.

ಇನ್ನು ರಸ್ತೆಗೆ ಬರೋಣ. ಸುಮೋ ಪೈಲ್ವಾನ ಹೊರಗೆ ಹೋಗುವಾಗ ಜೀನ್ಸ್, ಟಿ-ಶರ್ಟ್ ಹಾಕಿಕೊಳ್ಳುವಂತಿಲ್ಲ. ಜಪಾನಿ ಉಡುಪೇ ಬೇಕು. ಅದರಲ್ಲೂ ಮೆಟ್ಟಿಲುಗಳು. ಕೆಳಗಿನ ಎರಡು ವಿಭಾಗದ ಹುಡುಗರಿಗೆ ಯುಕಾತಾ ಎಂಬ ತೆಳು ಹತ್ತಿ ನಿಲುವಂಗಿ, ಕಾಲಿಗೆ ಮರದ ಗೆತಾ. ಟೋಕಿಯೋದಲ್ಲಿ ಜನವರಿಯ ಚಳಿ ಕೊರೆಯುತ್ತಿದ್ದರೂ ಅಷ್ಟೇ. ಟಕ್ ಟಕ್ ಸದ್ದು ಕೇಳಿದರೆ ಹೊಸ ಹುಡುಗ ಬರುತ್ತಿದ್ದಾನೆ ಎಂದೇ ಅರ್ಥ. ಸಾಂದಾನ್‌ಮೆಗೆ ಏರಿದರೆ ಮರದ ಗೆತಾ ಹೋಗಿ ಚಪ್ಪಟೆ ಚಪ್ಪಲಿ ಬರುತ್ತದೆ. ಮಕುಶಿತಕ್ಕೆ ಬಂದರೆ ಚಳಿಗೆ ಕೋಟು, ಮಫ್ಲರ್ ಹಾಕಿಕೊಳ್ಳಬಹುದು. ಒಂದು ಮಫ್ಲರ್‌ಗಾಗಿ ವರ್ಷಗಟ್ಟಲೆ ಕುಸ್ತಿ ಆಡುವುದು ಅಂದರೆ ನೋಡಿ! ಜೂರ್ಯೊಗೆ ಏರಿದವನಿಗೆ ಮಾತ್ರ ಮನೆತನದ ಲಾಂಛನವಿರುವ ಮೇಲಂಗಿ, ಹಕಾಮ ಎಂಬ ನೆರಿಗೆಯ ಕೆಳಉಡುಪು.

ಇಲ್ಲಿ ಒಂದು ಸಣ್ಣ ಸಂಗತಿ ನನಗೆ ಬಹಳ ಇಷ್ಟ. ಮೇಲಿನ ದರ್ಜೆಯ ಪೈಲ್ವಾನರು ಬೇಸಿಗೆಯಲ್ಲಿ ತಮ್ಮ ಹೆಸರು ಅಚ್ಚು ಹಾಕಿಸಿದ ಯುಕಾತಾ ಬಟ್ಟೆಯ ಥಾನುಗಳನ್ನು ಪರಿಚಯದವರಿಗೆ ಹಂಚುತ್ತಾರೆ. ಕಿರಿಯ ಹುಡುಗರು ಅದನ್ನೇ ಹೊಲಿಸಿಕೊಂಡು ತೊಡುತ್ತಾರೆ. ಹಾಗಾಗಿ ರ‍್ಯೋಗೊಕು ಎಂಬ, ಟೋಕಿಯೋದ ಸುಮೋ ಕ್ರೀಡಾಂಗಣದ ಪಕ್ಕದ ಸ್ಟೇಷನ್ನಿನಲ್ಲಿ ಕಾಣುವ ಹದಿನೆಂಟರ ಹುಡುಗನ ಮೈಮೇಲೆ ದೊಡ್ಡ ಅಕ್ಷರದಲ್ಲಿ ಒಂದು ಹೆಸರಿದ್ದರೆ ಅದು ಅವನದಲ್ಲ, ಅವನು ಆಗಬೇಕು ಎಂದುಕೊಂಡವನದು.

ಜುಟ್ಟಿನದೂ ಇದೇ ಕಥೆ. ಎಲ್ಲರಿಗೂ ದಿನನಿತ್ಯದ ಜುಟ್ಟು ಚೊನ್‌ಮಾಗೆ. ಅದನ್ನು ಕಟ್ಟಲು ಗರಡಿಗಳಲ್ಲಿ ತೊಕೊಯಾಮ ಎಂಬ ಕೇಶಗಾರರೇ ಇರುತ್ತಾರೆ. ಬಳಸುವ ಮೇಣದಂಥ ಎಣ್ಣೆಗೆ ಸಿಹಿ ಪರಿಮಳ, ಪೈಲ್ವಾನ ಪಕ್ಕದಲ್ಲಿ ಹಾದುಹೋದರೆ ಮೂಗಿಗೆ ಬಡಿಯುತ್ತದೆ. ಸೆಕಿತೋರಿಗಳು ಪಂದ್ಯದ ದಿನ ಅದೇ ಕೂದಲನ್ನು ಗಿಂಕ್ಗೊ ಮರದ ಎಲೆಯ ಹಾಗೆ ಬೀಸಣಿಗೆಯಾಗಿ ಹರಡಿ ಕಟ್ಟಿಸುತ್ತಾರೆ. ಅದು ಓಯಿಚೊ. ಬೇಕೆಂದೇ ಎದುರಾಳಿಯ ಜುಟ್ಟು ಎಳೆದರೆ ಅಲ್ಲಿಗೇ ಸೋಲು. 2003ರ ಜುಲೈನಲ್ಲಿ ಯೊಕೊಝುನ ಅಸಶೋರ್ಯೂ ತನ್ನದೇ ಮಂಗೋಲಿಯಾದ ಕ್ಯೊಕುಶುಝಾನ್‌ನ ಜುಟ್ಟು ಎಳೆದು ಹೀಗೆ ಸೋತ. ಯೊಕೊಝುನ ಒಬ್ಬ ಫೌಲ್‌ನಿಂದ ಸೋತಿದ್ದು ಅದೇ ಮೊದಲು.

ಕೂದಲು ಬೆಳೆಯುವ ಮೊದಲೇ ಮೇಲಕ್ಕೆ ಏರುವವರೂ ಇದ್ದಾರೆ. 2024ರ ಮಾರ್ಚ್‌ನಲ್ಲಿ ತಕೆರುಫುಜಿ ಮಕುಉಚಿಗೆ ಬಂದ ಮೊದಲ ಟೂರ್ನಿಯಲ್ಲೇ ಪ್ರಶಸ್ತಿ ಗೆದ್ದ. 1914ರ ನಂತರ, ಅಂದರೆ 110 ವರ್ಷಗಳಲ್ಲಿ ಯಾರೂ ಅದನ್ನು ಮಾಡಿರಲಿಲ್ಲ. ಕಪ್ ಹಿಡಿದಾಗ ಅವನ ತಲೆಯಲ್ಲಿ ಓಯಿಚೊ ಇರಲಿಲ್ಲ, ಕಟ್ಟುವಷ್ಟು ಕೂದಲೇ ಇರಲಿಲ್ಲ! ಎರಡು ತಿಂಗಳ ಬಳಿಕ ಗೆದ್ದ ಓನೊಸಾತೊನದೂ ಅದೇ ಸ್ಥಿತಿ.

ಜೂರ್ಯೊ ಗೆರೆ ದಾಟಿದ ಕೂಡಲೇ ಇನ್ನೊಂದು ಉಡುಪು ಬೇಕಾಗುತ್ತದೆ: ಕೆಶೋ-ಮವಾಶಿ. ಪಂದ್ಯಕ್ಕೆ ಮೊದಲು ಸೆಕಿತೋರಿಗಳು ಸಾಲಾಗಿ ಅಖಾಡಕ್ಕೆ ಬಂದು ಸುತ್ತ ನಿಲ್ಲುವಾಗ ಮುಂದೆ ಇಳಿಬಿಟ್ಟಿರುವ ಕಸೂತಿಯ ಅಲಂಕಾರವಸ್ತ್ರ ಅದು. ಅಂಚಿಗೆ ಬಂಗಾರದ ಕುಚ್ಚು. ಒಂದಕ್ಕೆ ಸಾಮಾನ್ಯವಾಗಿ 10 ಲಕ್ಷ ಯೆನ್‌ಗೂ ಮೇಲೆ ಬೀಳುತ್ತದೆ. ಒಂದು ಯೆನ್ ಅಂದರೆ ನಮ್ಮ ಅರ್ಧ ರೂಪಾಯಿಯ ಆಸುಪಾಸು ಎಂದು ಇಟ್ಟುಕೊಳ್ಳಿ. ಇದನ್ನು ಪೈಲ್ವಾನ ಕೊಳ್ಳುವುದಿಲ್ಲ. ಅಭಿಮಾನಿ ಸಂಘ, ಓದಿದ ಶಾಲೆ, ಕಂಪನಿ ಯಾರಾದರೂ ಕೊಡಿಸುತ್ತಾರೆ. ಬಲ್ಗೇರಿಯಾದ ಕೊತೊಓಶೂ ಒಂದು ಕಾಲದಲ್ಲಿ ಜಪಾನಿನ ಮೊಸರಿನ ಬ್ರ್ಯಾಂಡ್ 'ಬಲ್ಗೇರಿಯಾ'ದ ಹೆಸರನ್ನೇ ಹೊಟ್ಟೆಯ ಮೇಲೆ ಹೊತ್ತು ನಿಲ್ಲುತ್ತಿದ್ದ. ಹೆಚ್ಚಿನ ದರ್ಜೆಗಳ ಬಡ್ತಿಯನ್ನು ಮುಂದಿನ ಟೂರ್ನಿ ಹತ್ತಿರ ಬಂದಾಗ ಪ್ರಕಟಿಸುತ್ತಾರೆ. ಆದರೆ ಓಝೆಕಿ, ಯೊಕೊಝುನ ಬಡ್ತಿಗಳ ಹಾಗೆ ಜೂರ್ಯೊ ಬಡ್ತಿಯನ್ನೂ ಟೂರ್ನಿ ಮುಗಿದ ಕೆಲವೇ ದಿನಗಳಲ್ಲಿ ಹೇಳಿಬಿಡುತ್ತಾರೆ. ಕೆಶೋ-ಮವಾಶಿ ಮಾಡಿಸಲು ಸಮಯ ಬೇಕಲ್ಲ!

ಯೊಕೊಝುನನಿಗೆ ಇದರ ಮೇಲೆ ತ್ಸುನ ಎಂಬ ಬಿಳಿ ಹಗ್ಗ. ಸೆಣಬಿನ ನಾರು ಮತ್ತು ತಾಮ್ರದ ತಂತಿಯ ಮೇಲೆ ಬಿಳಿ ಬಟ್ಟೆ ಸುತ್ತಿ ಹೊಸೆದದ್ದು, ತೂಕ ಹತ್ತು ಕಿಲೋಗೂ ಮೇಲೆ. ಗರಡಿಯವರೆಲ್ಲ ಸೇರಿ, ಬಿಳಿ ಕೈಗವಸು ತೊಟ್ಟು, ಡೋಲಿನ ತಾಳಕ್ಕೆ ಕೂಗು ಹಾಕುತ್ತಾ ಇದನ್ನು ಹೊಸೆಯುತ್ತಾರೆ. ಮುಂದೆ ಐದು ಬಿಳಿ ಕಾಗದದ ಪಟ್ಟಿಗಳು ಮಿಂಚಿನ ಆಕಾರದಲ್ಲಿ ನೇತಾಡುತ್ತವೆ. ಶಿಂಟೋ ಗುಡಿಗಳ ಬಾಗಿಲಲ್ಲಿ ಕಾಣುವುದೂ ಇದೇ ಪಟ್ಟಿ. ಹಿಂದೆ ಗಂಟಿನಲ್ಲಿ ಒಂದು ಕುಣಿಕೆ ಇದ್ದರೆ ಉನ್‌ರ್ಯೂ ಶೈಲಿ, ಎರಡಿದ್ದರೆ ಶಿರಾನುಯಿ.

ಸುಮೋ ಅಖಾಡದ ಹೆಸರು ದೊಹ್ಯೊ. ಜೇಡಿಮಣ್ಣಿನ ಕಟ್ಟೆ, ಮೇಲೆ 4.55 ಮೀಟರ್ ಅಡ್ಡಗಲದ ವೃತ್ತ. ನಮ್ಮ ಗರಡಿಮನೆಯಲ್ಲಿ ಮಟ್ಟಿಗೆ ಪೂಜೆ ಮಾಡಿಯೇ ಇಳಿಯುವ ಹಾಗೆ ಅಲ್ಲೂ ಮಣ್ಣೇ ದೇವರ ಜಾಗ. ಪ್ರತಿ ಟೂರ್ನಿಗೂ ಹೊಸದಾಗಿ ಕಟ್ಟಿ, ಮೊದಲ ದಿನದ ಮುನ್ನ ನಡುವೆ ಗುಂಡಿ ತೋಡಿ ಅಕ್ಕಿ, ಉಪ್ಪು, ಒಣಗಿಸಿದ ಚೆಸ್ಟ್‌ನಟ್, ಕಾಯಾ ಮರದ ಬೀಜ, ಕೊಂಬು ಎಂಬ ಸಮುದ್ರದ ಪಾಚಿ, ಒಣ ಸ್ಕ್ವಿಡ್ ಹೂಳುತ್ತಾರೆ. ಪೈಲ್ವಾನ ಉಪ್ಪು ಎರಚುವುದು ಈ ಜಾಗವನ್ನು ಶುದ್ಧ ಮಾಡಲು. ದಿನಕ್ಕೆ ಸುಮಾರು 45 ಕಿಲೋ ಉಪ್ಪು ಖರ್ಚಾಗುತ್ತದೆ. ಆದರೆ ಉಪ್ಪು ಎರಚುವ ಹಕ್ಕೂ ಜೂರ್ಯೊದಿಂದ ಮೇಲಿನವರಿಗೇ. ಕೆಳಗಿನವರು ಸಮಯ ಉಳಿದಿದ್ದರೆ ಮಾತ್ರ ಎರಚಬಹುದು.

ಉಪ್ಪು ಎರಚು, ಕಾಲು ಎತ್ತಿ ಬಡಿ, ಕೂತು ದಿಟ್ಟಿಸಿ ನೋಡು, ಮತ್ತೆ ಎದ್ದು ಹೋಗು. ಹೊಸಬರಿಗೆ ಇದು ಸುಮ್ನೆ ಕಾಲ ಕಳೆಯುವ ಹಾಗೆ ಕಾಣುತ್ತದೆ. ಹಿಂದೆ ಇದಕ್ಕೆ ಮಿತಿಯೇ ಇರಲಿಲ್ಲ. 1928ರಲ್ಲಿ ರೇಡಿಯೋ ಪ್ರಸಾರ ಶುರುವಾದಾಗ ಹತ್ತು ನಿಮಿಷ ಎಂದು ಗೆರೆ ಎಳೆದರು. ಈಗ ಮಕುಉಚಿಗೆ ನಾಲ್ಕು ನಿಮಿಷ, ಜೂರ್ಯೊಗೆ ಮೂರು, ಮಕುಶಿತಕ್ಕೆ ಎರಡು. ಕಾಯುವ ಸಮಯಕ್ಕೂ ದರ್ಜೆ! ರೆಫರಿಗಳೂ ಇದರಿಂದ ಹೊರತಲ್ಲ. ಕೆಳದರ್ಜೆಯ ರೆಫರಿ ಬರಿಗಾಲಲ್ಲಿ ನಿಂತರೆ, ತುದಿಯ ಇಬ್ಬರು ಸೊಂಟಕ್ಕೆ ಕಿರುಗತ್ತಿ ಸಿಕ್ಕಿಸಿಕೊಂಡಿರುತ್ತಾರೆ. ತೀರ್ಪು ತಪ್ಪಿದರೆ ಪ್ರಾಣ ಕೊಡುತ್ತೇನೆ ಎಂಬುದರ ಗುರುತು ಅದು.

ಎಲ್ಲ ಸಂಪ್ರದಾಯವೂ ಚೆಂದ ಎಂದು ಹೇಳಲಾರೆ. ಹೆಂಗಸರು ದೊಹ್ಯೊ ಹತ್ತುವಂತಿಲ್ಲ. 2000ದಲ್ಲಿ ಒಸಾಕಾದ ಗವರ್ನರ್ ಫುಸಾಯೆ ಓಟ ಗೆದ್ದವನಿಗೆ ಗವರ್ನರ್ ಪ್ರಶಸ್ತಿ ಕೊಡಲು ಹೊರಟಾಗ ಸುಮೋ ಸಂಘ ಬಿಡಲಿಲ್ಲ. 2018ರಲ್ಲಿ ಮೈಜುರು ಊರಿನಲ್ಲಿ ಭಾಷಣ ಮಾಡುತ್ತಿದ್ದ ಮೇಯರ್ ದೊಹ್ಯೊ ಮೇಲೆಯೇ ಕುಸಿದು ಬಿದ್ದರು. ಓಡಿಬಂದು ಎದೆ ಒತ್ತುತ್ತಿದ್ದ ಮಹಿಳೆಯರಿಗೆ ರೆಫರಿ ಮೈಕ್‌ನಲ್ಲಿ 'ಕೆಳಗಿಳಿಯಿರಿ' ಎಂದ. ದೇಶವೆಲ್ಲ ಉಗಿಯಿತು, ಸಂಘದ ಅಧ್ಯಕ್ಷರು ಕ್ಷಮೆ ಕೇಳಿದರು. ನಿಯಮ ಮಾತ್ರ ಹಾಗೇ ಇದೆ.

ಈಗ ದುಡ್ಡಿಗೆ ಬರೋಣ. 2019ರಲ್ಲಿ ಏರಿಸಿದ ಪಟ್ಟಿಯ ಪ್ರಕಾರ ತಿಂಗಳ ಸಂಬಳ ಯೊಕೊಝುನನಿಗೆ 30 ಲಕ್ಷ ಯೆನ್, ಓಝೆಕಿಗೆ 25 ಲಕ್ಷ, ಸೆಕಿವಾಕೆ ಮತ್ತು ಕೊಮುಸುಬಿಗೆ 18 ಲಕ್ಷ, ಮಾಯೆಗಾಶಿರನಿಗೆ 14 ಲಕ್ಷ, ಜೂರ್ಯೊಗೆ 11 ಲಕ್ಷ. ಮಕುಶಿತಕ್ಕೆ? ತಿಂಗಳ ಸಂಬಳ ಇಲ್ಲ. ಎರಡು ತಿಂಗಳಿಗೊಮ್ಮೆ, ಟೂರ್ನಿಗೆ ಇಷ್ಟು ಎಂದು 1,65,000 ಯೆನ್ ಭತ್ಯೆ. ತೀರಾ ಕೆಳಗಿನ ಜೊನೊಕುಚಿಗೆ 77,000. ಊಟ, ವಸತಿ ಗರಡಿಯದ್ದು, ಹಾಗಾಗಿ ಉಪವಾಸವೇನೂ ಇಲ್ಲ. ಆದರೆ ವರ್ಷದ ಲೆಕ್ಕ ಹಾಕಿ. ಮಕುಶಿತದವನಿಗೆ ಆರು ಟೂರ್ನಿಗೆ 9,90,000 ಯೆನ್. ಅವನಿಗಿಂತ ಒಂದೇ ಸ್ಥಾನ ಮೇಲಿರುವ ಜೂರ್ಯೊದವನಿಗೆ ಸಂಬಳವೊಂದೇ 1,32,00,000. ಹದಿಮೂರು ಪಟ್ಟಿಗೂ ಜಾಸ್ತಿ.

ಇಷ್ಟು ಕಡಿದಾದ ಮೆಟ್ಟಿಲಿದ್ದರೆ ಜಾರುವ ಭಯವೂ ಅಷ್ಟೇ ಇರುತ್ತದೆ, ಅಲ್ವಾ? ಹದಿನೈದು ಪಂದ್ಯದಲ್ಲಿ ಎಂಟು ಗೆದ್ದರೆ ಬಚಾವು, ಏಳಕ್ಕೆ ನಿಂತರೆ ಕೆಳಗಿಳಿಯುವ ಅಪಾಯ. 2011ರಲ್ಲಿ ಪೈಲ್ವಾನರ ಮೊಬೈಲ್‌ಗಳಲ್ಲಿ ಪಂದ್ಯಗಳನ್ನು ಮಾರಿ ಕೊಂಡ ಮೆಸೇಜುಗಳು ಪೊಲೀಸರಿಗೆ ಸಿಕ್ಕವು. ಆ ವರ್ಷದ ಮಾರ್ಚ್ ಟೂರ್ನಿಯೇ ರದ್ದಾಯಿತು. ಸಿಕ್ಕಿಬಿದ್ದವರಲ್ಲಿ ಜೂರ್ಯೊ ಆಸುಪಾಸಿನವರು ಬಹಳ ಜನ. ಮೋಸ ಮೋಸವೇ. ಆದರೆ ಅದು ಯಾಕೆ ಅದೇ ಜಾಗದಲ್ಲಿ ಹುಟ್ಟಿತು ಎಂಬುದು ಮೇಲಿನ ಲೆಕ್ಕ ನೋಡಿದರೆ ತಿಳಿಯುತ್ತದೆ.

ಸಂಬಳದ ಮೇಲೆ ಇನ್ನೊಂದು ಖಾತೆ ಇದೆ. ಸುಮೋ ನೋಡುವವರಲ್ಲೂ ಬಹಳ ಜನಕ್ಕೆ ಇದು ಅರ್ಥವಾಗಿರುವುದಿಲ್ಲ. ಪ್ರತಿ ಪೈಲ್ವಾನನ ಹೆಸರಲ್ಲಿ ಶುರುವಿನಲ್ಲೇ 3 ಯೆನ್ ಬರೆದುಕೊಳ್ಳುತ್ತಾರೆ. ಆಮೇಲೆ ಸೋಲಿಗಿಂತ ಗೆಲುವು ಎಷ್ಟು ಹೆಚ್ಚೋ, ಅಷ್ಟಕ್ಕೂ ಅರ್ಧರ್ಧ ಯೆನ್ ಸೇರುತ್ತದೆ. ಹತ್ತು ಗೆದ್ದು ಐದು ಸೋತರೆ ವ್ಯತ್ಯಾಸ ಐದು, ಸೇರುವುದು ಎರಡೂವರೆ ಯೆನ್. ಮಕುಉಚಿ ಪ್ರಶಸ್ತಿ ಗೆದ್ದರೆ 30 ಯೆನ್, ಒಂದೂ ಸೋಲದೆ ಗೆದ್ದರೆ 50. ಚಿಲ್ಲರೆ ಕಾಸು ಎಂದು ನಗಬೇಡಿ. ಇದು ಯೆನ್‌ಗೆ ಬೆಲೆಯಿದ್ದ ಕಾಲದ ಅಂಕಿ. ಈಗ ಕೊಡುವಾಗ ಇದನ್ನು 4,000ದಿಂದ ಗುಣಿಸುತ್ತಾರೆ. ಆ ಎರಡೂವರೆ ಯೆನ್ 10,000 ಆಯಿತು. ಅದೂ ಒಂದು ಸಲಕ್ಕಲ್ಲ, ಸೆಕಿತೋರಿಯಾಗಿ ಇರುವಷ್ಟು ಕಾಲ ಪ್ರತಿ ಟೂರ್ನಿಗೂ. ಸೋತರೆ ಖಾತೆಯಿಂದ ಕಳೆಯುವುದಿಲ್ಲ. ಜೂರ್ಯೊದಿಂದ ಕೆಳಗೆ ಬಿದ್ದರೆ ಪಾವತಿ ನಿಲ್ಲುತ್ತದೆ, ಮತ್ತೆ ಏರಿದರೆ ಶುರುವಾಗುತ್ತದೆ. ಯೊಕೊಝುನ ಆಗಿದ್ದ ಹಕುಹೊ 45 ಪ್ರಶಸ್ತಿ ಗೆದ್ದವನು. ಪ್ರಶಸ್ತಿಗೆ 30 ಯೆನ್‌ನಂತೆಯೇ ಹಿಡಿದರೂ 1,350 ಆಯಿತು. ಗುಣಿಸಿದರೆ ಟೂರ್ನಿಗೆ 54 ಲಕ್ಷ.

ಈ ಖಾತೆಯ ಸ್ವಾರಸ್ಯ ಇರುವುದು ಕಿನ್‌ಬೋಶಿ ಎಂಬ 'ಚಿನ್ನದ ನಕ್ಷತ್ರ'ದಲ್ಲಿ. ಸಾಮಾನ್ಯ ಮಾಯೆಗಾಶಿರ ಒಬ್ಬ ಯೊಕೊಝುನನನ್ನು ಸೋಲಿಸಿದರೆ ಖಾತೆಗೆ 10 ಯೆನ್, ಅಂದರೆ ಪ್ರತಿ ಟೂರ್ನಿಗೂ 40,000. ಓಝೆಕಿಯೋ ಸೆಕಿವಾಕೆಯೋ ಸೋಲಿಸಿದರೆ ಇದು ಸಿಗುವುದಿಲ್ಲ, ಅವರು ಗೆಲ್ಲಬೇಕಾದವರೇ ಎಂಬ ಲೆಕ್ಕ. ದಾಖಲೆ ಅಕಿನೊಶಿಮನದು, ಹದಿನಾರು ಕಿನ್‌ಬೋಶಿ. ಟೂರ್ನಿಗೆ 6,40,000, ವರ್ಷಕ್ಕೆ 38,40,000 ಯೆನ್, ಬರೀ ದೊಡ್ಡವರನ್ನು ಉರುಳಿಸಿದ್ದಕ್ಕೆ! ಯೊಕೊಝುನ ಸೋತಾಗ ಪ್ರೇಕ್ಷಕರು ಕೂತ ದಿಂಬುಗಳನ್ನೇ ಅಖಾಡಕ್ಕೆ ಎಸೆಯುತ್ತಾರೆ. ಎಸೆಯಬೇಡಿ ಎಂದು ಮೈಕ್‌ನಲ್ಲಿ ಹೇಳುತ್ತಲೇ ಇರುತ್ತಾರೆ, ಯಾರೂ ಕೇಳುವುದಿಲ್ಲ.

ಟಿವಿಯಲ್ಲಿ ಗೆದ್ದವನು ಕುಕ್ಕರುಗಾಲಲ್ಲಿ ಕೂತು ಲಕೋಟೆಗಳ ಕಟ್ಟು ತೆಗೆದುಕೊಳ್ಳುವುದನ್ನು ನೋಡಿರುತ್ತೀರಿ. ಅದು ಕೆನ್‌ಶೋ, ಕಂಪನಿಗಳು ಪಂದ್ಯಕ್ಕೆ ಕಟ್ಟುವ ಹಣ. ಪಂದ್ಯಕ್ಕೆ ಮೊದಲು ಕಂಪನಿಗಳ ಪತಾಕೆಗಳನ್ನು ದೊಹ್ಯೊ ಸುತ್ತ ಮೆರವಣಿಗೆ ಮಾಡುತ್ತಾರೆ. ಸಾರ್ವಜನಿಕ ವಾಹಿನಿ ಎನ್‌ಎಚ್‌ಕೆ ಜಾಹೀರಾತು ತೋರಿಸುವಂತಿಲ್ಲ, ಹಾಗಾಗಿ ಅಷ್ಟು ಹೊತ್ತು ಕ್ಯಾಮೆರಾ ದೂರಕ್ಕೆ ಸರಿದುಬಿಡುತ್ತದೆ. ಒಂದು ಪತಾಕೆಗೆ 70,000 ಯೆನ್. ಅದರಲ್ಲಿ 10,000 ಸಂಘದ ಖರ್ಚಿಗೆ, ಉಳಿದ 60,000 ಗೆದ್ದವನಿಗೆ. ಆದರೆ ಅಷ್ಟೂ ಲಕೋಟೆಯಲ್ಲಿ ಇರುವುದಿಲ್ಲ. ಅರ್ಧವನ್ನು ತೆರಿಗೆಗೆಂದು ಅವನ ಹೆಸರಲ್ಲೇ ಎತ್ತಿಡುತ್ತಾರೆ. ಕೈಗೆ ದುಡ್ಡು ಬಂದ ಕೂಡಲೇ ಉಡಾಯಿಸಿ, ಆಮೇಲೆ ತೆರಿಗೆ ಕಟ್ಟಲು ಪರದಾಡದಿರಲಿ ಎಂದು. ದೊಡ್ಡ ಪಂದ್ಯಕ್ಕೆ 50 ಪತಾಕೆ ಬಂದರೆ ಗೆದ್ದವನ ಪಾಲು 30 ಲಕ್ಷ, ಯೊಕೊಝುನನ ಒಂದು ತಿಂಗಳ ಸಂಬಳ. ಪಂದ್ಯ ಐದೇ ಸೆಕೆಂಡಿನಲ್ಲಿ ಮುಗಿದಿರಬಹುದು. ಸೋತವನಿಗೆ ಏನೂ ಇಲ್ಲ.

ಲಕೋಟೆ ತೆಗೆದುಕೊಳ್ಳುವುದಕ್ಕೂ ಕ್ರಮವಿದೆ. ಬಲಗೈಯನ್ನು ಕತ್ತಿಯಂತೆ ಹಿಡಿದು ಎಡಕ್ಕೆ, ಬಲಕ್ಕೆ, ನಡುವೆ ಗಾಳಿ ಕತ್ತರಿಸಬೇಕು. ಸೃಷ್ಟಿಯ ಮೂರು ದೇವತೆಗಳಿಗೆ ಕೃತಜ್ಞತೆ ಎಂದು ಅದರ ಅರ್ಥ. ಎಡಚನಾಗಿದ್ದ ಅಸಶೋರ್ಯೂ ಎಡಗೈ ಬಳಸಿದ್ದಕ್ಕೆ ದೊಡ್ಡ ಗಲಾಟೆಯೇ ಆಯಿತು. ಎಡಗೈಯಲ್ಲಿ ದುಡ್ಡು ತೆಗೆದುಕೊಂಡರೆ ನಮ್ಮ ಅಜ್ಜಿಯರೂ ಗದರುತ್ತಿದ್ದರು, ಬಿಡಿ.

ಟೂರ್ನಿ ಗೆದ್ದವನಿಗೆ 1 ಕೋಟಿ ಯೆನ್. ಹೋರಾಟ, ತಂತ್ರ, ಸಾಧನೆಗೆಂದು ಇರುವ ಮೂರು ವಿಶೇಷ ಬಹುಮಾನಗಳಿಗೆ ತಲಾ 20 ಲಕ್ಷ. ಚಕ್ರವರ್ತಿಯ ಕಪ್ 29 ಕಿಲೋ ತೂಗುತ್ತದೆ, ಮುಂದಿನ ಟೂರ್ನಿಗೆ ವಾಪಸ್ ಕೊಡಬೇಕು. ಮನೆಗೆ ಒಯ್ಯಲು ಅದರ ಪುಟ್ಟ ನಕಲು. ಜೊತೆಗೆ ಪ್ರಾಂತ್ಯಗಳಿಂದ ಅಕ್ಕಿ, ದನದ ಮಾಂಸ, ಒಣ ಅಣಬೆ. 2019ರ ಮೇನಲ್ಲಿ ಡೊನಾಲ್ಡ್ ಟ್ರಂಪ್ ಬೂಟು ಬಿಟ್ಟು ಸ್ಲಿಪ್ಪರ್ ತೊಟ್ಟು ದೊಹ್ಯೊ ಹತ್ತಿ ಅಸನೊಯಾಮನಿಗೆ ಅಮೆರಿಕದ ಕಪ್ ಒಂದನ್ನು ಕೊಟ್ಟಿದ್ದರು.

ಈ ಇಡೀ ಏಣಿಯನ್ನು ಎರಡು ಸಲ ಹತ್ತಿದವನು ತೆರುನೊಫುಜಿ. 2015ರಲ್ಲಿ ಓಝೆಕಿ ಆಗಿದ್ದ. ಮೊಣಕಾಲು ಕೈಕೊಟ್ಟಿತು, ಸಕ್ಕರೆ ಕಾಯಿಲೆ ಬಂತು. ಒಂದೊಂದೇ ಟೂರ್ನಿ ತಪ್ಪಿಸಿಕೊಳ್ಳುತ್ತಾ ಕೆಳಗೆ ಬಿದ್ದ. 2019ರ ಮಾರ್ಚ್‌ನಲ್ಲಿ ಮರಳಿ ಬಂದಾಗ ಅವನು ಜೊನಿದಾನ್‌ನ 48ನೇ ಸ್ಥಾನದಲ್ಲಿದ್ದ. ರೇಷ್ಮೆ ಹೋಗಿ ಕಪ್ಪು ಹತ್ತಿ ಬಂದಿತ್ತು. ಓಯಿಚೊ ಇಲ್ಲ, ಉಪ್ಪು ಇಲ್ಲ, ಸಂಬಳ ಇಲ್ಲ. ಓಝೆಕಿ ಆಗಿದ್ದವನೊಬ್ಬ ಅಷ್ಟು ಕೆಳಗೆ ಬಂದು ಆಡಿದ್ದು ಅದೇ ಮೊದಲು. 2020ರ ಜುಲೈನಲ್ಲಿ ಮಾಯೆಗಾಶಿರದ 17ನೇ ಸ್ಥಾನದಿಂದ ಪ್ರಶಸ್ತಿ ಗೆದ್ದ. 2021ರಲ್ಲಿ ಯೊಕೊಝುನ ಆದ.

ನಿವೃತ್ತಿಗೂ ವಿಧಿಯಿದೆ. ಪೈಲ್ವಾನ ಕುರ್ಚಿಯಲ್ಲಿ ಕೂರುತ್ತಾನೆ, ನೂರಾರು ಜನ ಒಬ್ಬೊಬ್ಬರಾಗಿ ಬಂದು ಬಂಗಾರದ ಬಣ್ಣದ ಕತ್ತರಿಯಲ್ಲಿ ಜುಟ್ಟಿನ ಒಂದೊಂದು ಎಳೆ ಕತ್ತರಿಸುತ್ತಾರೆ. ಕೊನೆಯ ಕತ್ತರಿ ಗುರುವಿನದು. ಅಮ್ಮನೂ ಹೆಂಡತಿಯೂ ಕತ್ತರಿಸಲಿ ಎಂದು ಬಯಸುವವರು ಇದನ್ನು ದೊಹ್ಯೊ ಬಿಟ್ಟು ಹೋಟೆಲಿನಲ್ಲಿ ಇಟ್ಟುಕೊಳ್ಳುತ್ತಾರೆ. ಆಮೇಲೆ ಸುಮೋದಲ್ಲೇ ಉಳಿದು ಗರಡಿ ನಡೆಸಬೇಕೆಂದರೆ ಸಂಘದ ಹಿರಿಯರಿಗೆಂದೇ ಇರುವ, ಒಬ್ಬರಿಂದ ಒಬ್ಬರಿಗೆ ಬರುವ ಹೆಸರೊಂದನ್ನು ಪಡೆಯಬೇಕು. ಅಂಥ ಹೆಸರುಗಳು ಇರುವುದು 105 ಮಾತ್ರ. ಜಪಾನಿನ ಪೌರತ್ವವೂ ಬೇಕು. ಹಕುಹೊ 2019ರಲ್ಲಿ ಮಂಗೋಲಿಯಾ ಪೌರತ್ವ ಬಿಟ್ಟು ಜಪಾನಿಯಾದ. 2021ರಲ್ಲಿ ನಿವೃತ್ತನಾಗಿ, 2022ರಲ್ಲಿ ಗರಡಿ ಹಿಡಿದ. 2024ರಲ್ಲಿ ಅವನ ಶಿಷ್ಯನೊಬ್ಬ ಕಿರಿಯರನ್ನು ಹೊಡೆದ ಪ್ರಕರಣದಲ್ಲಿ ಗರಡಿ ಮುಚ್ಚಿತು, 2025ರ ಜೂನ್‌ನಲ್ಲಿ ಅವನು ಸುಮೋ ಸಂಘವನ್ನೇ ಬಿಟ್ಟು ಹೊರನಡೆದ.